ಕೈಯಲ್ಲಿ ಕಳಿಸಿದ ಕ್ಯಾಸೆಟ್

ಅಟ್ಟದ ಮೇಲಿನ ಟ್ರಂಕು ಕೆಳಗಿಳಿದ ದಿನವೇ ದೀಕ್ಷಾಳಿಗೆ ಗೊತ್ತಾಗಬೇಕಿತ್ತು. ಮಾವ ತಿಮ್ಮ ಎರಡು ವರ್ಷದಿಂದ ಮಾತಿಲ್ಲದ ಮನುಷ್ಯ. ಲಕ್ವ ಹೊಡೆದು ಬಲಗೈ, ಬಲಗಾಲು, ನಾಲಿಗೆ ಮೂರೂ ಒಟ್ಟಿಗೆ ಹೋಗಿದ್ದವು. ಕೊಟ್ಟಿದ್ದು ಉಣ್ಣುವುದು, ಜಗಲಿಯ ಕುರ್ಚಿಯಲ್ಲಿ ಕೂತು ರಸ್ತೆ ನೋಡುವುದು, ಅಷ್ಟೇ. ಅಂಥವರು ಟ್ರಂಕು ನೆಲಕ್ಕೆ ತಾಗಿದ ಸದ್ದಿಗೆ ಕುರ್ಚಿಯಿಂದ ಅರ್ಧ ಎದ್ದು, ಎಡಗೈ ಮುಂದೆ ಚಾಚಿ, ಗಂಟಲಲ್ಲಿ ಏನೋ ಗೊರಗೊರ ಅಂದರು.

"ಅಪ್ಪಯ್ಯಂಗೆ ಹಳೇದೆಲ್ಲ ನೆನಪಾತು ಕಾಣ್ತದೆ" ಎಂದು ಗಂಡ ನಿತೇಶ ನಕ್ಕ. ದೀಕ್ಷಾಳೂ ನಕ್ಕಳು. ನಗದೆ ಏನು ಮಾಡುತ್ತಾಳೆ, ಅವಳಿಗೇನು ಕನಸು ಬಿದ್ದಿತ್ತೇ?

ಮುರ್ಡೇಶ್ವರದ ಆ ಮನೆಯ ಹಂಚು ತೆಗೆದು ಸ್ಲಾಬು ಹಾಕಿಸುತ್ತಿದ್ದರು. ಅದೇ ಹೊತ್ತಿಗೆ ನಿತೇಶನ ತಂಗಿ ಗೀತಾಂಜಲಿಯ ಮದುವೆಯೂ ಗಟ್ಟಿಯಾಗಿತ್ತು. ಸೂರಿಲ್ಲದ ಮನೆಯಲ್ಲಿ ಚಪ್ಪರ ಹಾಕುವುದು ಹೇಗೆ? ಅದಕ್ಕೇ ಮದುವೆ ಗಂಡಿನ ಊರಲ್ಲಿ, ಕುಮಟೆ ಹತ್ತಿರದ ಬಾಡದಲ್ಲೇ ಎಂದು ಮಾತಾಗಿತ್ತು. ಗಂಡು ಸುಜಯ, ಮಂಜಕ್ಕನ ಮಗ. ಈ ಸಂಬಂಧ ತಿಮ್ಮನದ್ದೇ ಆಸೆ, ನಾಲಿಗೆ ಇದ್ದ ಕಾಲದಲ್ಲಿ ಅವರ ಬಾಯಿಂದಲೇ ಬಂದದ್ದು.

ಅದರ ಹಿಂದಿನ ಕತೆ ಭಟ್ಕಳದಿಂದ ಕುಮಟೆವರೆಗೆ ದೋಣಿ ಹತ್ತಿದವರಿಗೆಲ್ಲ ಗೊತ್ತು. ತಿಮ್ಮ ಮತ್ತು ಬಾಡದ ಸುಧಾಕರ ಒಟ್ಟಿಗೆ ಗಲ್ಫಿಗೆ ಹೋದವರು, ಒಂದೇ ಮೀನಿನ ಲಾಂಚಿನಲ್ಲಿ ದುಡಿದವರು. ತೊಂಬತ್ತನಾಲ್ಕರಲ್ಲಿ ತಿಮ್ಮ ರಜೆಯ ಮೇಲೆ ಊರಿಗೆ ಬಂದರು. ನಲವತ್ತು ದಿನವಾಗಿರಲಿಲ್ಲ, ಆ ಲಾಂಚು ಮುಳುಗಿತು. ಸುಧಾಕರನ ಹೆಣವೂ ಸಿಗಲಿಲ್ಲ. ಅವನ ಹೆಂಡತಿ ಮಂಜಕ್ಕನ ಮಡಿಲಲ್ಲಿ ಒಂಬತ್ತು ತಿಂಗಳ ಸುಜಯ, ಅಪ್ಪ ಕಣ್ಣಲ್ಲಿ ಕಾಣದ ಕೂಸು. ತಿಮ್ಮ ಮತ್ತೆ ಗಲ್ಫಿನ ಕಡೆ ತಲೆ ಹಾಕಲಿಲ್ಲ. ಪ್ರತಿ ಹಬ್ಬಕ್ಕೂ ಬಾಡಕ್ಕೆ ಹೋದರು, ಸುಜಯನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಸೇರಿಸಿದರು. ಸ್ನೇಹ ಅಂದರೆ ತಿಮ್ಮಂದು ಎಂದು ಜನ ಎದುರಿಗೇ ಹೇಳುತ್ತಿದ್ದರು. ಹಾಗೆ ಹೇಳಿದಾಗೆಲ್ಲ ತಿಮ್ಮ ಎದ್ದು ಹೊರಗೆ ಹೋಗುತ್ತಿದ್ದರು. ನಾಚಿಕೆಯ ಮನುಷ್ಯ ಎಂದು ಅದಕ್ಕೂ ಹೊಗಳಿಕೆ.

ಟ್ರಂಕಿನಲ್ಲಿ ನೂರ ನಲವತ್ತು ಕ್ಯಾಸೆಟ್ಟು, ಒಂದಿಷ್ಟು ಹಳೆಯ ಯಕ್ಷಗಾನ ಪ್ರಸಂಗದ ಪುಸ್ತಕ, ಗಲ್ಫಿಂದ ತಂದ ಕರಿ ಟೇಪ್ ರೆಕಾರ್ಡರ್. ಸೆಲ್ಲು ಹಾಕಿದರೆ ಇನ್ನೂ ತಿರುಗುತ್ತಿತ್ತು. ಗುಜರಿಗೆ ಹಾಕು ಎಂದ ನಿತೇಶ. ದೀಕ್ಷಾ ಹೋಟೆಲಿನ ರಿಸೆಪ್ಶನ್ನಿನಲ್ಲಿ ಕೂರುವವಳು, ಫೋನು ಬಲ್ಲವಳು. ಹಳೆ ಕ್ಯಾಸೆಟ್ಟಿಗೆ ಪ್ರಾಣ ಬಿಡುವ ಜನರ ಗುಂಪೊಂದನ್ನು ಫೇಸ್‌ಬುಕ್ಕಿನಲ್ಲಿ ಹುಡುಕಿ, ಫೋಟೋ ಹಾಕಿದಳು. ಮೈಸೂರಿಂದ ಒಬ್ಬ, ಧಾರವಾಡದಿಂದ ಇಬ್ಬರು, ಪುಣೆಯಿಂದ ಒಬ್ಬ ಬಂದೇ ಬಿಟ್ಟರು. ಅವಳಿಗೆ ಮಜಾ ಹತ್ತಿತು.

ಅವಳದ್ದೊಂದು ಕ್ರಮ ಇತ್ತು. ಕ್ಯಾಸೆಟ್ಟು ಹಾಕು, ಎ ಸೈಡಿನ ಮೊದಲ ಹಾಡು ಒಂದು ನಿಮಿಷ ತಿರುಗಿಸು, ಫೋನಲ್ಲಿ ವಿಡಿಯೋ ಮಾಡಿ ಕಳಿಸು. ಪೂರ್ತಿ ಕೇಳುತ್ತ ಕೂರಲಿಕ್ಕೆ ಯಾರಿಗೆ ಪುರುಸೊತ್ತು! ಕಳಿಸುವುದಕ್ಕೂ ಉಪಾಯ ಮಾಡಿದ್ದಳು. ಕೊರಿಯರ್‌ನವರು ಕೇಳುವ ದುಡ್ಡಿಗೆ ಕ್ಯಾಸೆಟ್ಟೇ ಎರಡು ಬರುತ್ತದೆ. ಎರಡು ಪ್ರಸಂಗ ಪುಸ್ತಕದ ನಡುವೆ ಕ್ಯಾಸೆಟ್ಟು ಇಟ್ಟು, ಖಾಕಿ ಕಾಗದ ಸುತ್ತಿ, ಎರಡೂ ತುದಿ ತೆರೆದಿಟ್ಟು, ಸೆಣಬಿನ ದಾರ ಬಿಗಿದು, ಮೇಲೆ ಬುಕ್ ಪೋಸ್ಟ್ ಎಂದು ಬರೆದರೆ ಪುಸ್ತಕದ ಲೆಕ್ಕದಲ್ಲೇ ಹೋಗುತ್ತದೆ. ರಿಜಿಸ್ಟ್ರಿ ಇಲ್ಲ, ನಂಬರಿಲ್ಲ, ರಸೀದಿಯೂ ಇಲ್ಲ. ಅಂಚೆಯವರಿಗೆ ಸುಳ್ಳು ಹೇಳಿದ ಹಾಗಾಯಿತಲ್ಲ ಎಂದು ಒಂದು ದಿನ ಅನಿಸಿತು, ಪುಸ್ತಕವೂ ಇದೆಯಲ್ಲ ಎಂದು ಮರುದಿನ ಸಮಾಧಾನವಾಯಿತು.

ಇಂಥದ್ದರಲ್ಲಿ ಬಂದವಳು ಸೋಮಿ. ಫೋಟೋ ಇರಬೇಕಾದಲ್ಲಿ ಒಂದು ದಾಸವಾಳ. ಹಾಡಿನ ಸುದ್ದಿಯನ್ನೇ ಎತ್ತಲಿಲ್ಲ ಅವಳು.

"ಮೇಲಿನ ಅಂಚಿನ ತೂತಿಗೆ ಅಂಟುಪಟ್ಟಿ ಹಚ್ಚಿದ ಕ್ಯಾಸೆಟ್ ನಿಮ್ಮಲ್ಲಿ ಇದೆಯಾ?"

ದೀಕ್ಷಾಳಿಗೆ ತಲೆಬುಡ ತಿಳಿಯಲಿಲ್ಲ. ತೊಂಬತ್ತೈದರಲ್ಲಿ ಹುಟ್ಟಿದವಳಿಗೆ ತಿಳಿಯುವುದಾದರೂ ಹೇಗೆ? ಅಂಗಡಿಯಿಂದ ತಂದ ಹಾಡಿನ ಕ್ಯಾಸೆಟ್ಟಿಗೆ ಮೇಲಂಚಿನಲ್ಲಿ ಎರಡು ತೂತಿರುತ್ತವೆ, ಹಾಡಿನ ಮೇಲೆ ಯಾರೂ ಬೇರೆ ತುಂಬಿಸಬಾರದು ಅಂತ. ಆ ತೂತಿಗೆ ಅಂಟುಪಟ್ಟಿ ಹಚ್ಚಿಬಿಟ್ಟರೆ ಹಾಡನ್ನು ಅಳಿಸಿ ನಮ್ಮ ಸ್ವರ ತುಂಬಿಸಬಹುದು. ಗಲ್ಫಿಗೆ ಹೋದವರ ಮನೆಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಅಕ್ಷರ ಬಾರದವರು ಕಾಗದ ಬರೆಯುವುದೆಲ್ಲಿ, ಬರೆದರೆ ಓದುವವರು ಯಾರು? ಸಿನಿಮಾ ಹಾಡಿನ ಮೇಲೆ ತಮ್ಮ ಮಾತು ತುಂಬಿಸಿ, ಊರಿಗೆ ಹೊರಟವನ ಕೈಯಲ್ಲಿ ಕೊಡುತ್ತಿದ್ದರು. ಅವನು ಬಂದು ಮನೆಮನೆಗೆ ಮುಟ್ಟಿಸುತ್ತಿದ್ದ. ಸಾಬರ ಮನೆಯದ್ದಿರಲಿ, ನಮ್ಮವರ ಮನೆಯದ್ದಿರಲಿ, ಕೊಟ್ಟ ಕ್ಯಾಸೆಟ್ಟು ಮುಟ್ಟಿಸದವನನ್ನು ಯಾರೂ ಹೊಸ್ತಿಲೊಳಗೆ ಸೇರಿಸುತ್ತಿರಲಿಲ್ಲ.

ಹುಡುಕಿದಳು. ಟ್ರಂಕಿನ ತಳದಲ್ಲಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಗಂಟು ಹಾಕಿದ ಒಂದೇ ಒಂದು ಸಿಕ್ಕಿತು. ಅಂಟುಪಟ್ಟಿ ಹಳದಿಯಾಗಿತ್ತು. ಜಗಲಿಯಲ್ಲಿ ಕೂತು ಗಂಟು ಬಿಚ್ಚುತ್ತಿದ್ದಾಗ ತಿಮ್ಮ ಎಡಗೈ ಬೀಸಿದರು, ಚಾ ಲೋಟ ಹಾರಿ ಅಂಗಳಕ್ಕೆ ಬಿತ್ತು. ಚಾ ಬಿಸಿಯಾಯಿತೇನೋ ಎಂದು ದೀಕ್ಷಾ ಇನ್ನೊಂದು ಲೋಟ ಆರಿಸಿ ತಂದಳು. ಅವರು ಮುಟ್ಟಲಿಲ್ಲ. ಕ್ಯಾಸೆಟ್ಟನ್ನೇ ನೋಡುತ್ತಿದ್ದರು, ಅವಳು ಒಳಗೆ ಒಯ್ದ ಮೇಲೂ ಬಾಗಿಲನ್ನೇ ನೋಡುತ್ತಿದ್ದರು.

ಸೋಮಿಗೆ ಎ ಸೈಡು ಬೇಡವಂತೆ. "ಬಿ ಸೈಡ್ ಹಾಕಿ, ಸ್ವಲ್ಪ ಮುಂದೆ ಓಡಿಸಿ, ಒಂದು ನಿಮಿಷ ಕಳಿಸಿ" ಎಂದು ಬರೆದಳು. ಒಲೆಯ ಮೇಲೆ ಬಂಗಡೆ ಹುರಿಯುತ್ತಿತ್ತು, ಗೀತಾಂಜಲಿ ಮಿಕ್ಸಿಯಲ್ಲಿ ಕಾಯಿ ಅರೆಯುತ್ತಿದ್ದಳು. ದೀಕ್ಷಾ ಟೇಪ್ ರೆಕಾರ್ಡರಿನ ಎದುರಿಗೆ ಫೋನು ಒರಗಿಸಿಟ್ಟು, ಗುಂಡಿ ಒತ್ತಿ, ಮೀನು ಮಗುಚಲು ಓಡಿದಳು. ಬಂದು ವಿಡಿಯೋ ಕಳಿಸಿದಳು. ಕೇಳಲಿಲ್ಲ. ಆ ಒಂದು ನಿಮಿಷ ಕೇಳಿದ್ದರೆ ಏನೇನು ಆಗುತ್ತಿತ್ತು, ಏನೇನು ಆಗುತ್ತಿರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ತಲೆ ಚಚ್ಚಿಕೊಂಡಳು.

ಎರಡು ತಾಸು ಉತ್ತರವೇ ಇಲ್ಲ. ಆಮೇಲೆ ಒಂದೇ ಶಬ್ದ ಬಂತು. "ಇದೇ."

ಮರುದಿನ ವಿಳಾಸ ಬಂತು. ಸೋಮಿ, ಬಾಡ, ಕುಮಟಾ ತಾಲೂಕು. ದೀಕ್ಷಾಳಿಗೆ ಖುಷಿಯಾಯಿತು. ನಮ್ಮ ಹುಡುಗಿ ಸೇರುವ ಊರೇ ಅಲ್ಲವೇ? "ನಾನು ಮುಂದಿನ ವಾರ ಅಲ್ಲಿಗೇ ಬರುವವಳಿದ್ದೇನೆ. ಕೈಯಲ್ಲೇ ಕೊಡುತ್ತೇನೆ, ಪೋಸ್ಟಿನ ಖರ್ಚು ಯಾಕೆ?" ಎಂದು ಬರೆದಳು.

"ಕೈಯಲ್ಲಿ ಬೇಡ. ಪೋಸ್ಟೇ ಆಗಬೇಕು. ಕಮ್ಮಿ ಖರ್ಚಿನದ್ದೇ ಸಾಕು, ನಮಗೆ ಗಡಿಬಿಡಿ ಇಲ್ಲ. ಕಳಿಸುವವರ ಜಾಗದಲ್ಲಿ ತಿಮ್ಮ ಅವರ ಮನೆ ಅಂತ ಸರಿಯಾಗಿ ಬರೆಯಿರಿ."

ದೀಕ್ಷಾ ಅದನ್ನು ಎರಡು ಸಲ ಓದಿದಳು. ತಿಮ್ಮ ಎಂಬ ಹೆಸರನ್ನು ಅವಳು ಎಲ್ಲೂ ಹಾಕಿರಲಿಲ್ಲ. ಆಮೇಲೆ, ಈ ಕರಾವಳಿಯಲ್ಲಿ ಯಾರಿಗೆ ಯಾರು ಗೊತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಕಟ್ಟು ಕಟ್ಟಿ, ಹೇಳಿದ ಹಾಗೇ ವಿಳಾಸ ಬರೆದು, ಡ್ಯೂಟಿಗೆ ಹೋಗುವಾಗ ಅಂಚೆಗೆ ಹಾಕಿದಳು.

ಮಧ್ಯಾಹ್ನ ಹೋಟೆಲಿನಲ್ಲಿ ಗಿರಾಕಿ ಕಮ್ಮಿ. ಫೋನಿನಲ್ಲಿ ಜಾಗ ತುಂಬಿದೆ ಎಂದು ಹಳೆ ವಿಡಿಯೋ ಅಳಿಸುತ್ತ ಕೂತವಳ ಬೆರಳು ಅದರ ಮೇಲೆ ಬಿತ್ತು. ಮೊದಲು ಮಿಕ್ಸಿಯ ಸದ್ದು. ಮಿಕ್ಸಿ ನಿಂತಿತು. ಹಾಡಲ್ಲ, ಒಬ್ಬ ಗಂಡಸಿನ ಸ್ವರ. ಯಾರಿಗೂ ಕೇಳಬಾರದೆಂಬ ಹಾಗೆ ತಗ್ಗಿಸಿ ಮಾತಾಡುತ್ತಿದ್ದ.

"...ಮತ್ತೊಂದ್ ಸಲ ಹೇಳ್ತೆ ಮಂಜಿ. ಈ ಲಾಂಚಿನ ಅಡಿ ಹಲಗೆ ಕೊಳ್ತು ಹೋಗಿದೆ. ದಿನಾ ನೀರು ಮೊಗೆದು ಸಾಕಾತು. ಮಾಲಕ ಪಾಸ್‌ಪೋರ್ಟ್ ಕೊಡೂದಿಲ್ಲ. ಅವ್ವಿ ತೀರಿಹೋದ್ಲು ಅಂತ ತಾರು ಕಳ್ಸು. ಸುಳ್ಳಾದ್ರೂ ಅಡ್ಡಿಲ್ಲ, ಅವ್ವಿ ಬೈಯೂದಿಲ್ಲ. ತಾರು ಬಂದ್ರೆ ಮಾತ್ರ ಬಿಡ್ತಾನೆ. ತಿಮ್ಮಣ್ಣಂಗೆ ರಜೆ ಮುರ್ದು ವಾಪಸ್ ಬರ್ಬೇಕಾಗ್ತದೆ, ಇಂಜಿನ್ ಬಲ್ಲವ್ರು ನಾವಿಬ್ರೇ, ಒಬ್ಬ ಇಲ್ಲಿರ್ಲೇಬೇಕು ಅಂತ ಮಾಲಕನ ಹಟ. ತಿಮ್ಮಣ್ಣನ ಹತ್ರ ಕೇಳ್ದೆ. ಆತು ಅಂದ. ತಡ ಮಾಡ್ಬೇಡ, ತಾರು..."

ಒಂದು ನಿಮಿಷ ಮುಗಿದಿತ್ತು.

ಎದುರಿಗೆ ರೂಮಿನ ಕೀಲಿ ಕೇಳುತ್ತ ನಿಂತ ಗಿರಾಕಿಯ ಮುಖವೇ ದೀಕ್ಷಾಳಿಗೆ ಕಾಣಲಿಲ್ಲ. ತಾರು, ಅಂದರೆ ಟೆಲಿಗ್ರಾಂ, ಕಳಿಸು ಎಂಬ ಮಾತು ಮಂಜಿಗೆ ತಲುಪಲೇ ಇಲ್ಲ. ಕ್ಯಾಸೆಟ್ಟು ಇವರ ಟ್ರಂಕಿನ ತಳದಲ್ಲಿತ್ತು, ಗಂಟು ಹಾಕಿ. ಮರೆತು ಉಳಿದದ್ದಾದರೆ ಗಂಟು ಯಾಕೆ? ಅತ್ತೆ ಬದುಕಿದ್ದಾಗ ನಗುತ್ತ ಹೇಳುತ್ತಿದ್ದದ್ದು ನೆನಪಾಯಿತು. ತಿಮ್ಮ ರಜೆಗೆ ಬಂದಾಗ ನಿತೇಶನಿಗೆ ಎರಡು ವರ್ಷ, ಅಪ್ಪನನ್ನು ಕಂಡರೆ ಕಿರುಚಿ ಓಡುತ್ತಿದ್ದನಂತೆ. ತಿಂಗಳ ಮೇಲೆ ಒಂದು ದಿನ ತಾನಾಗಿ ಹೋಗಿ ಮಡಿಲಲ್ಲಿ ಕೂತನಂತೆ, ಅವತ್ತು ತಿಮ್ಮ ಅತ್ತುಬಿಟ್ಟರಂತೆ. ಆ ಮಡಿಲು ಬಿಟ್ಟು ಕೊಳೆತ ಲಾಂಚಿಗೆ ಹೋಗಲು ಮನಸ್ಸು ಬಂದಿರಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಕೊಡುತ್ತೇನೆ ಎಂದುಕೊಂಡೇ ಇದ್ದಿರಬೇಕು, ಅಷ್ಟರಲ್ಲಿ ಲಾಂಚು ಮುಳುಗಿತು. ತನ್ನ ಗಂಡ ಅಪ್ಪನ ಮಡಿಲಲ್ಲಿ ಬೆಳೆದದ್ದು ಹೀಗೆ ಎಂದು ದೀಕ್ಷಾಳಿಗೆ ತಿಳಿದುಹೋಯಿತು. ಮಾವನ ಮೇಲೆ ಸಿಟ್ಟು ಬಂತು, ಅಯ್ಯೋ ಎಂದೂ ಅನಿಸಿತು. ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಮದುವೆಗೆ ಹನ್ನೊಂದು ದಿನ ಉಳಿದಿತ್ತು.

ಡ್ಯೂಟಿ ಬಿಟ್ಟು ಅಂಚೆ ಕಚೇರಿಗೆ ಓಡಿದಳು. ಚೀಲ ಆಗಲೇ ಹೋಗಿತ್ತು.

"ನಂಬರ್ ಇದೆಯಾ?" ಎಂದು ಕಿಟಕಿಯಲ್ಲಿದ್ದವರು ಕೇಳಿದರು.

"ಇಲ್ಲ. ಬುಕ್ ಪೋಸ್ಟ್."

"ನಂಬರ್ ಇಲ್ದಿದ್ದು ಎಲ್ಲಿ ಅಂತ ಹುಡುಕೂದು? ಅದು ತಲುಪ್ದಾಗಲೇ ತಲುಪೂದು."

ಹತ್ತಿಪ್ಪತ್ತು ರೂಪಾಯಿ ಉಳಿಸಲು ಹೋಗಿ ಮಾಡಿಕೊಂಡದ್ದು. ಫೋನು ತೆಗೆದು ಸೋಮಿಗೆ ಬರೆದಳು, "ಆ ಕ್ಯಾಸೆಟ್ ತಪ್ಪಿ ಕಳಿಸಿದ್ದೇನೆ, ಬಂದರೆ ಬಿಚ್ಚಬೇಡಿ." ಸೋಮಿ ಓದಿದ ಗುರುತು ಮೂಡಿತು. ಉತ್ತರ ಬರಲಿಲ್ಲ.

ಆಮೇಲಿನ ಐದು ದಿನ ಅವಳು ಬದುಕಿದ್ದು ಹೇಗೋ ಏನೋ. ನಿತೇಶನಿಗೆ ಹೇಳಲು ಬಾಯಿ ಬರಲಿಲ್ಲ. ಗೀತಾಂಜಲಿ ಕೈ ತುಂಬ ಬಳೆ ಹಾಕಿಕೊಂಡು "ಅತ್ತಿಗೆ, ಈ ಹಸಿರು ಆಗ್ತದಾ?" ಎಂದು ಕೇಳಿದರೆ ಹೂಂ ಎನ್ನುತ್ತ ಬೇರೆ ಕಡೆ ನೋಡುತ್ತಿದ್ದಳು. ಸೋಮಿ ಯಾರೋ ಹಳೆ ಹಾಡಿನ ಹುಚ್ಚಿಯೇ ಇರಲಿ ದೇವರೇ ಎಂದು ಹರಕೆ ಹೊತ್ತಳು. ಹರಕೆಯ ನಡುವೆಯೇ ತಿಮ್ಮನ ಹೆಸರು ಅವಳಿಗೆ ಹೇಗೆ ಗೊತ್ತು ಎಂಬುದು ಎದ್ದು ಕೂರುತ್ತಿತ್ತು. ಜಗಲಿಯಲ್ಲಿ ತಿಮ್ಮ ಈಗ ರಸ್ತೆ ನೋಡುತ್ತಿರಲಿಲ್ಲ. ಅವಳು ಎಲ್ಲಿ ಹೋದರೂ ಅವರ ಕಣ್ಣು ಅವಳ ಬೆನ್ನ ಮೇಲಿರುತ್ತಿತ್ತು.

ಆರನೆಯ ದಿನ ಬೀಗಿತ್ತಿಗೆ ಕೊಡುವ ಸೀರೆ ತೋರಿಸಿ ಬರುತ್ತೇನೆ ಎಂದು ನೆಪ ಹೇಳಿ ಬಸ್ಸು ಹತ್ತಿದಳು. ಹೊನ್ನಾವರ ದಾಟಿ, ಕುಮಟೆಯಲ್ಲಿಳಿದು, ರಿಕ್ಷಾ ಹಿಡಿದು ಬಾಡದ ಅಂಚೆ ಕಚೇರಿ ಮುಟ್ಟಿದಾಗ ಹನ್ನೆರಡು. ಒಂದು ಮನೆಯ ಮುಂದಿನ ಕೋಣೆಯೇ ಕಚೇರಿ. ಕಾಗದ ಜೋಡಿಸುತ್ತಿದ್ದವರು ತಲೆ ಎತ್ತದೆ ಹೇಳಿದರು, "ಸೋಮಿದಾ? ಬೆಳಿಗ್ಗೆನೇ ಬಂತು. ಅವ್ಳ ಅಕ್ಕ ಮಂಜಿ ಬಾಗ್ಲು ತೆಗೆಯೂಕೂ ಮೊದ್ಲೇ ಬಂದು ಕೂತಿದ್ಲು, ತಕಂಡು ಹೋದ್ಲು. ನಾಲ್ಕು ದಿನ ಆತು, ದಿನಾ ಹಂಗೇ ಬಂದು ಕೂರೂದು."

ಮಂಜಕ್ಕ ಕುಮಟೆ ಪೇಟೆಯಲ್ಲಿ ಮೂವತ್ತು ವರ್ಷ ಮೀನು ಮಾರಿದ ಹೆಂಗಸು. ಆ ಹೊತ್ತಿಗೆ ಮನೆಯಲ್ಲಿ ಕೂತವರಲ್ಲ. ಅವತ್ತು ದೀಕ್ಷಾ ಹೋದಾಗ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಖಾಕಿ ಕಾಗದ ಮಡಚಿ ಪಕ್ಕಕ್ಕಿಟ್ಟಿತ್ತು, ಪ್ರಸಂಗ ಪುಸ್ತಕ ಒಂದರ ಮೇಲೊಂದು ಇತ್ತು. ಕ್ಯಾಸೆಟ್ಟು ಮಡಿಲಲ್ಲಿ. ಸೆಣಬಿನ ದಾರವನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು.

"ಬಾ ತಂಗಿ. ಕೂರು. ಅಂಚೆ ಬಂತು."

ದೀಕ್ಷಾ ಮೆಟ್ಟಿಲ ಮೇಲೆ ಕೂತಳು.

"ಒಂದ್ ಸಲ ಕೈಲಿ ಕೊಟ್ಟದ್ದು ಮೂವತ್ತೊಂದು ವರ್ಷ ತಲುಪ್ಲಿಲ್ಲ" ಎಂದರು ಮಂಜಕ್ಕ. ಸ್ವರದಲ್ಲಿ ಸಿಟ್ಟಿರಲಿಲ್ಲ, ಮೀನಿನ ರೇಟು ಹೇಳುವವರ ಹಾಗೆ ಹೇಳುತ್ತಿದ್ದರು. "ಅದ್ಕೇ ಪೋಸ್ಟಲ್ಲಿ ಕಳ್ಸು ಅಂದದ್ದು. ಕಮ್ಮಿ ಖರ್ಚಿಂದು ಅಂದ್ರೂ ಆರು ದಿನಕ್ಕೆ ಬಂತು ಕಾಣು."

"ನಿಮಗೆ ಹ್ಯಾಂಗೆ ಗೊತ್ತಾತು ಮಂಜಕ್ಕ?"

"ಭಟ್ಕಳದ ಸಾಬ್ರು ಒಬ್ರು. ಗಲ್ಫಲ್ಲಿ ಅಂಗಡಿ ಇಟ್ಟಿದ್ದವ್ರು, ಈಗ ಮುದುಕ್ರಾಗಿದ್ದಾರೆ. ನಿಶ್ಚಿತಾರ್ಥ ಆದ ಮರು ವಾರ ಪೇಟೆಗೆ ಇಸ್ವಾಣ ಮೀನು ತಕಂಬೂಕೆ ಬಂದಿದ್ರು. ಮಾತಿಗೆ ಮಾತು ಬಂತು. ನಿನ್ನ ಗಂಡ ನನ್ನ ಅಂಗ್ಡಿಲಿ ಕೂತೇ ಕ್ಯಾಸೆಟ್ ತುಂಬ್ಸಿದ್ದು, ಅಂಟುಪಟ್ಟಿ ನಾನೇ ಹಚ್ಚಿಕೊಟ್ಟದ್ದು, ತಿಮ್ಮನ ಕೈಲಿ ಕೊಟ್ಟದ್ದು ಕಂಡಿದ್ದೇನೆ, ನಿಂಗೆ ಬಂತಲ್ಲ ಅಂದ್ರು. ನಾನು ಬಂತು ಅಂದೆ. ಮತ್ತೆಂತ ಹೇಳೂದು, ಪೇಟೆ ಮಧ್ಯೆ?" ಮಂಜಕ್ಕ ದಾರವನ್ನು ಪೂರ್ತಿ ಬಿಚ್ಚಿ ಕೆಳಗಿಟ್ಟರು. "ಆಮೇಲೆ ಸೋಮಿ ಫೋನಲ್ಲಿ ತೋರ್ಸಿದ್ಲು, ನಮ್ಮ ಬೀಗ್ರ ಮನೆ ಕ್ಯಾಸೆಟ್ ಮಾರೂಕಿದೆ ಅಂತ. ಒಂದು ನಿಮಿಷ ಕೇಳ್ದೆ ನೀ ಕಳ್ಸಿದ್ದು. ಮಿಕ್ಸಿ ಸದ್ದಿತ್ತು. ಆದ್ರೂ ಸ್ವರ ಗೊತ್ತಾತು."

ಗಂಡ ಒಂದು ಮಾತನ್ನೂ ಹೇಳಿ ಕಳಿಸಲಿಲ್ಲ ಎಂದು ಮೂವತ್ತೊಂದು ವರ್ಷ ಅವನ ಮೇಲೆ ಮುನಿಸು ಹೊತ್ತು ಬದುಕಿದೆ ಎಂದರು. ಅವನು ನಕ್ಕೊಂಡಿದ್ದ, ಚಲೋ ಇದ್ದ ಎಂದು ತಿಮ್ಮಣ್ಣ ಹೇಳಿದ್ದನ್ನೇ ನಂಬಿ, ಆ ನಗುವನ್ನೂ ಶಪಿಸಿದೆ ಎಂದರು.

ದೀಕ್ಷಾ ಅವರ ಕಾಲು ಹಿಡಿದಳು. "ಗೀತಾಂಜಲಿ ಎಂತ ಮಾಡಿದ್ಲು ಮಂಜಕ್ಕ? ಅವ್ಳು ಆಗ ಹುಟ್ಟಿರ್ಲೂ ಇಲ್ಲ."

"ಎಂತದೂ ಮಾಡ್ಲಿಲ್ಲ. ಅದ್ಕೇ ಅವ್ಳು ಈ ಮನೆಗೇ ಬರ್ತಾಳೆ. ಮದುವೆ ನಿಲ್ಲೂದಿಲ್ಲ, ಹೆದ್ರಬೇಡ. ಚಲೋ ಹುಡುಗಿ."

"ಸುಜಯಂಗೆ ಗೊತ್ತಾ?"

"ಇಲ್ಲ. ಅವ್ನಿಗೆ ಅಪ್ಪನ ಸ್ವರ ಹ್ಯಾಂಗಿತ್ತು ಅಂತ್ಲೇ ಗೊತ್ತಿಲ್ಲ. ಧಾರೆ ಮುಗಿದ ಮೇಲೆ ಕೇಳ್ತಾನೆ. ಬಂದವ್ರೆಲ್ಲ ಕೇಳ್ತಾರೆ. ಮಗನ ಮದುವೆಲಿ ಅಪ್ಪನೂ ಒಂದು ಮಾತು ಆಡ್ಬೇಕಲ್ಲ." ಮಂಜಕ್ಕ ಕ್ಯಾಸೆಟ್ಟನ್ನು ಸೆರಗಿನಲ್ಲಿ ಒರೆಸಿದರು. "ಆದ್ರೆ ಮೈಕಿನ ನಾಗರಾಜ ಹೇಳ್ತಾನೆ, ಅವ್ನ ಸೆಟ್ಟಿಗೆ ಈಗ ಪೆನ್ ಡ್ರೈವ್ ಮಾತ್ರ ಹೋಗೂದಂತೆ. ಈ ಊರಲ್ಲಿ ಯಾರ ಮನೇಲೂ ಮಿಷನ್ ಇಲ್ಲ. ನಿಮ್ಮಲ್ಲಿ ಇದೆ. ನೀನೇ ತಾ, ನಿನ್ನ ಕೈಯಲ್ಲೇ ತಾ."

ದೀಕ್ಷಾ ಅವರ ಕಾಲಿನಿಂದ ಕೈ ತೆಗೆದಳು.

"ಹಾಳಾಗಿದೆ ಅಂತ ಹೇಳ್ಬಹುದು ನೀನು. ತರೂಕೆ ಮರ್ತೋತು ಅಂದ್ರೂ ಆತು. ನಾನು ಎಂತ ಮಾಡೂಕಾಗ್ತದೆ?" ಮಂಜಕ್ಕ ಮೊದಲ ಸಲ ಅವಳ ಕಣ್ಣನ್ನು ನೇರ ನೋಡಿದರು. "ತಿಮ್ಮಣ್ಣಂಗೂ ಹಂಗೇ ಇತ್ತು."

ವಾಪಸು ಬರುವಾಗ ಇಡೀ ದಾರಿ ದೀಕ್ಷಾ ಯೋಚಿಸಿದ್ದು ಬಾವಿಯನ್ನು. ಮನೆಯ ಹಿಂದೆ ಬಾವಿ ಇದೆ, ಟೇಪ್ ರೆಕಾರ್ಡರ್ ಎತ್ತಿ ಹಾಕಿದರೆ ಮುಗಿಯಿತು. ಒಳಗಿನ ರಬ್ಬರು ಕಿತ್ತರೂ ಸಾಕು. ಮಾವನ ಹೆಸರು ಉಳಿಯುತ್ತದೆ, ನಿತೇಶ ಊರಲ್ಲಿ ತಲೆ ಎತ್ತಿ ತಿರುಗುತ್ತಾನೆ, ಗೀತಾಂಜಲಿ ಹೋದ ಮನೆಯಲ್ಲಿ ಅಪ್ಪನ ಮಾತಿಗೆ ತಲೆ ತಗ್ಗಿಸಬೇಕಾಗಿಲ್ಲ. ಹಾಗೆ ಮಾಡಿದರೆ ತಾನೂ ಒಂದು ಗಂಟು ಕಟ್ಟಿ ತಳಕ್ಕೆ ತುರುಕಿದ ಹಾಗೆ. ಇನ್ನು ಮೂವತ್ತು ವರ್ಷ ಹಬ್ಬಹಬ್ಬಕ್ಕೂ ಬಾಡಕ್ಕೆ ಹೋಗಿ ಆ ಮುದುಕಿಯ ಕೈಯ ಚಾ ಕುಡಿಯಬೇಕು.

ಸಂಜೆ ಮಾವನಿಗೆ ಗಂಜಿ ಉಣ್ಣಿಸುತ್ತ, ಯಾರೂ ಹತ್ತಿರವಿಲ್ಲದ್ದು ನೋಡಿ ಹೇಳಿದಳು. "ಮಾವ, ಕ್ಯಾಸೆಟ್ ಮಂಜಕ್ಕನ ಕೈ ಸೇರ್ತು."

ಗಂಜಿ ಅವರ ಬಾಯಲ್ಲೇ ನಿಂತಿತು.

"ಮದುವೆ ದಿನ ಮೈಕಲ್ಲಿ ಹಾಕ್ತಾರಂತೆ. ಟೇಪ್ ರೆಕಾರ್ಡರ್ ನಾನು ಒಯ್ಬೇಕಂತೆ."

ಅವರು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಬಾಯಿಯ ಓರೆಯಿಂದ ಗಂಜಿ ಇಳಿದು ಅಂಗಿಯ ಮೇಲೆ ಬಿತ್ತು. ದೀಕ್ಷಾ ಒರೆಸಿದಳು. ಬರುವುದು ಬೇಡ ಎಂದು ತಲೆ ಆಡಿಸಿದ್ದರೂ ಸಾಕಿತ್ತು, ಅವಳು ಆ ನೆಪ ಹಿಡಿದು ಏನಾದರೂ ಮಾಡುತ್ತಿದ್ದಳು. ಅವರು ತಲೆ ಆಡಿಸಲಿಲ್ಲ.

ಮದುವೆಯ ದಿಬ್ಬಣದ ಬಸ್ಸು ಬೆಳಿಗ್ಗೆ ಆರೂವರೆಗೆ ಹೊರಟಿತು. ದೀಕ್ಷಾಳ ಕೈಯಲ್ಲಿ ದೊಡ್ಡ ಬಟ್ಟೆಯ ಚೀಲ. "ಮದುವೆಗೆ ಹೋಗೂಕೆ ಈ ಗುಜರಿ ಎಂತಕ್ಕೆ?" ಎಂದ ನಿತೇಶ.

"ಮಂಜಕ್ಕ ಕೇಳಿದಾರೆ."

"ಹಳೇ ನೆನಪಿಗಾ? ಕೊಡು, ಪಾಪ" ಎಂದು ಅವನು ಹಿಂದಿನ ಸೀಟಿಗೆ ಹೋದ. ಅಲ್ಲಿ ಹುಡುಗಿಯರು ಗೀತಾಂಜಲಿಯನ್ನು ಸುತ್ತಿಕೊಂಡು ಹಾಡುತ್ತಿದ್ದರು, ಅವಳು ನಗುತ್ತಿದ್ದಳು. ತಿಮ್ಮನನ್ನು ಇಬ್ಬರು ಎತ್ತಿ ಕಿಟಕಿಯ ಪಕ್ಕ ಕೂರಿಸಿದ್ದರು. ದೀಕ್ಷಾ ಪಕ್ಕದಲ್ಲಿ ಕೂತದ್ದೇ ತಡ, ಅವರು ಎಡಗೈಯಿಂದ ಚೀಲವನ್ನು ಎಳೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಅವಳು ಕೊಟ್ಟಳು.

ಹೊನ್ನಾವರದಲ್ಲಿ ಶರಾವತಿಯ ಸೇತುವೆ ಬಂತು. ಉದ್ದದ ಸೇತುವೆ, ಕೆಳಗೆ ಕಡಲಿಗೆ ಸೇರಲು ಹೊರಟ ತುಂಬು ನೀರು. ತಿಮ್ಮ ಕಿಟಕಿಯ ಗಾಜನ್ನು ಎಡಗೈಯಲ್ಲಿ ಸರಿಸಿದರು. ಗಾಳಿ ನುಗ್ಗಿತು. ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡು ಎತ್ತಿ, ಕಿಟಕಿಯ ಅಂಚಿಗೆ ಇಟ್ಟರು. ಅರ್ಧ ಚೀಲ ಹೊರಗೆ ವಾಲಿತ್ತು. ಹಿಂದಿನವರು ಹಾಡುತ್ತಲೇ ಇದ್ದರು. ದೀಕ್ಷಾ ಕೈ ಎತ್ತಲಿಲ್ಲ. ಎಸೆಯಿರಿ ಮಾವ, ಎಸೆದುಬಿಡಿ ಎಂದು ಮನಸ್ಸಿನ ಒಂದು ಪಾಲು ಬೇಡಿಕೊಂಡಿತು. ಎಸೆದರೆ ನಿಮ್ಮ ಮುಖ ನಾನು ಮತ್ತೆ ನೋಡುವುದಿಲ್ಲ ಎಂದಿತು ಇನ್ನೊಂದು ಪಾಲು. ಅವಳು ಅವರ ಬೆರಳನ್ನೇ ನೋಡುತ್ತಿದ್ದಳು. ಬೆರಳು ಚೀಲದ ಹಿಡಿಯನ್ನು ಬಿಡುತ್ತಿರಲಿಲ್ಲ. ಸೇತುವೆ ಮುಗಿಯಿತು. ತಿಮ್ಮ ಚೀಲವನ್ನು ಒಳಗೆಳೆದುಕೊಂಡು ಕಣ್ಣು ಮುಚ್ಚಿದರು.

ಬಾಡದಲ್ಲಿ ಚಪ್ಪರದ ತುಂಬ ಜನ. ತೆಂಗಿನ ಮರಕ್ಕೆ ಲೌಡ್‌ಸ್ಪೀಕರು ಕಟ್ಟಿದ್ದರು. ಧಾರೆ ಆಯಿತು, ಅಕ್ಷತೆ ಬಿತ್ತು. ಸುಜಯ ಮೊದಲು ಬಂದು ನಮಸ್ಕರಿಸಿದ್ದೇ ತಿಮ್ಮನಿಗೆ. ಮುಂದಿನ ಸಾಲಿನ ಕುರ್ಚಿಯಲ್ಲಿ ಚೀಲ ತಬ್ಬಿ ಕೂತಿದ್ದ ಅವರ ಎಡಗೈ ಅವನ ತಲೆಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮಂಜಕ್ಕ ಬಂದು ಎದುರಿಗೆ ನಿಂತರು. ಕೈ ಚಾಚಿದರು. ತಿಮ್ಮ ಚೀಲ ಎತ್ತಿ ಆ ಕೈಯಲ್ಲಿಟ್ಟರು.

ನಾಗರಾಜ ಟೇಪ್ ರೆಕಾರ್ಡರಿನ ಎದುರಿಗೆ ಮೈಕು ಇಟ್ಟ. ಮೊದಲು ಬರೀ ಸೊಂಯ್ ಎಂದಿತು. ಊಟಕ್ಕೆ ಎದ್ದಿದ್ದವರು ಎಂತದಪ್ಪಾ ಎಂದು ತಿರುಗಿ ನೋಡಿದರು. ಆಮೇಲೆ ಸ್ವರ ಬಂತು, ತೆಂಗಿನ ಮರದ ಮೇಲಿಂದ, ಇಡೀ ಬಾಡಕ್ಕೆ ಕೇಳುವಷ್ಟು ದೊಡ್ಡದಾಗಿ.

"ಮಂಜಿ, ನಾನು ಸುಧಾಕರ. ಚಲೋ ಇದ್ಯಾ? ಕೂಸಿಗೆ ಸುಜಯ ಅಂತ ಹೆಸರಿಟ್ಟದ್ದು ಗೊತ್ತಾತು. ಹೆಸರು ಚಲೋ ಇದೆ. ಸುಜಯಾ... ಸುಜಯಾ... ಹೇಳಿ ಹೇಳಿ ರೂಢಿ ಮಾಡ್ಕಳ್ತಾ ಇದ್ದೆ."

ಮಂಟಪದಲ್ಲಿ ಸುಜಯ ನಿಂತಲ್ಲೇ ನಿಂತ. ಬಾಸಿಂಗ ಕಟ್ಟಿದ ತಲೆ ತೆಂಗಿನ ಮರದ ಕಡೆ ಎತ್ತಿದ್ದ, ಬಾಯಿ ಅರ್ಧ ತೆರೆದಿತ್ತು. ಗೀತಾಂಜಲಿ ಅವನ ಕೈ ಹಿಡಿದಳು. ಚಪ್ಪರದಲ್ಲಿ ಎಲೆ ಹಾಕುವವರೂ ನಿಂತುಬಿಟ್ಟಿದ್ದರು.

"ಈ ಕ್ಯಾಸೆಟ್ಟು ತಿಮ್ಮಣ್ಣನ ಕೈಲಿ ಕಳಿಸ್ತಿದ್ದೆ. ಅವ ಬಂದ್ಕೂಡ್ಲೇ ಮೊದ್ಲು ಒಂದು ಲೋಟ ಚಾ ಕೊಡು. ನಂಗಾಗಿ ಅವ ರಜೆ ಬಿಟ್ಟು ವಾಪಸ್ ಬರ್ತೆ ಅಂದಿದಾನೆ. ಹುಟ್ಟಿದ ಅಣ್ಣನೂ ಹಂಗೆ ಮಾಡೂದಿಲ್ಲ. ಈಗ ನಾನು ಹೇಳೂದು ಸರಿಯಾಗಿ ಕೇಳು..."

ಒಬ್ಬೊಬ್ಬರಾಗಿ ಎಲ್ಲರೂ ಮುಂದಿನ ಸಾಲಿನ ಕಡೆ ತಿರುಗಿದರು. ನಿತೇಶ ತಿರುಗಿದ, ಗೀತಾಂಜಲಿ ತಿರುಗಿದಳು. ತಿಮ್ಮ ಖಾಲಿ ತೊಡೆಯ ಮೇಲೆ ಎಡಗೈ ಇಟ್ಟುಕೊಂಡು ಕೂತಿದ್ದರು. ಓಡಲು ಕಾಲಿರಲಿಲ್ಲ, ಹೇಳಲು ನಾಲಿಗೆ ಇರಲಿಲ್ಲ. ಮಂಜಕ್ಕ ಒಳಗಿಂದ ಒಂದು ಲೋಟ ಚಾ ಹಿಡಿದು ಬಂದರು. ಬಾಗಿ, ಅವರ ಎಡಗೈ ಬಿಡಿಸಿ, ಲೋಟ ಕೊಟ್ಟು, ಬೆರಳನ್ನು ಒಂದೊಂದಾಗಿ ಅದರ ಸುತ್ತ ಮಡಚಿದರು.

"ಕುಡಿ ತಿಮ್ಮಣ್ಣ" ಎಂದರು. "ಕ್ಯಾಸೆಟ್ಟು ಇನ್ನೂ ಇದೆ."